ಹೆಸರು ಅಳಿದ ನಿಧಿ

ಸ್ವಾತಂತ್ರ್ಯವೆಂದರೆ ತನ್ನ ಎಲ್ಲ ಕೆಲಸವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಈ ಅಳತೆಗೆ ಸಲ್ಲುವ ಮನುಷ್ಯ ಲೋಕದಲ್ಲಿ ಒಬ್ಬನೂ ಇಲ್ಲ. ದೊಡ್ಡ ವ್ಯಾಪಾರಿಯ ಲೆಕ್ಕವನ್ನು ಗುಮಾಸ್ತ ಬರೆಯುತ್ತಾನೆ, ಮೂಟೆಯನ್ನು ಹಮಾಲಿ ಹೊರುತ್ತಾನೆ, ಅಡಿಗೆಯನ್ನು ಮನೆಯವರು ಮಾಡಿ ಬಡಿಸುತ್ತಾರೆ. ಆದರೂ ಅವನನ್ನು ಯಾರೂ ಪರಾವಲಂಬಿ ಎಂದು ಕರೆಯುವುದಿಲ್ಲ. ಏನು ಆಗಬೇಕು, ಯಾವಾಗ ಆಗಬೇಕು, ಯಾರು ಮಾಡಬೇಕು ಎಂಬ ನಿರ್ಧಾರ ಅವನ ಕೈಯಲ್ಲಿರುವುದೇ ಇದಕ್ಕೆ ಕಾರಣ. ನಿರ್ಧಾರದ ಅಧಿಕಾರ ಇರುವವನು ಸ್ವತಂತ್ರ. ಅದು ಇಲ್ಲದವನು, ಕೈಕಾಲು ಗಟ್ಟಿಯಾಗಿದ್ದರೂ, ಪರತಂತ್ರ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಅಂಗವಿಕಲರು ಈ ಸರಳ ಸತ್ಯವನ್ನು ತಮ್ಮ ಬಾಳಿನಿಂದ ಕಂಡುಕೊಂಡರು. ಅದರ ಬಲದಿಂದ ಸರಕಾರದ ಬೊಕ್ಕಸದಲ್ಲಿ ತಮ್ಮ ಹೆಸರಿನ ಒಂದು ನಿಧಿಯನ್ನೂ ಪಡೆದರು. ಇಪ್ಪತ್ತೇಳು ವರ್ಷ ನಡೆದ ಆ ನಿಧಿ 2015ರಲ್ಲಿ ಮುಚ್ಚಿಹೋಯಿತು. ಅದರ ಹುಟ್ಟು, ಬೆಳವಣಿಗೆ ಮತ್ತು ಅಂತ್ಯದ ಕಥೆ ಕೇವಲ ಒಂದು ದೇಶದ ಆಯವ್ಯಯದ ಕಥೆಯಲ್ಲ. ಪರರಿಗಾಗಿ ಹಣವನ್ನು ಕಾಯುವ ಹೊಣೆ ಹೊತ್ತ ಪ್ರತಿಯೊಬ್ಬರೂ ತಿಳಿಯಬೇಕಾದ ಪಾಠ ಅದರಲ್ಲಿದೆ.

ಆಶ್ರಯದ ಮನೆಯೊಳಗಿನ ಪ್ರಶ್ನೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ, ಲೆನಾರ್ಡ್ ಚೆಷೈರ್ ಎಂಬ ನಿವೃತ್ತ ವಾಯುಪಡೆಯ ಅಧಿಕಾರಿ ಹ್ಯಾಂಪ್‌ಷೈರ್ ಪ್ರಾಂತದ ಲೆ ಕೋರ್ಟ್ ಎಂಬ ಹಳೆಯ ಬಂಗಲೆಯಲ್ಲಿ, ನೋಡಿಕೊಳ್ಳುವವರಿಲ್ಲದ ಒಬ್ಬ ರೋಗಿಗೆ ಆಶ್ರಯ ಕೊಟ್ಟನು. ಒಬ್ಬನಿಂದ ಆರಂಭವಾದ ಸೇವೆ ಬೆಳೆದು ಅನೇಕ ಗೃಹಗಳಾದವು. 1950ರ ದಶಕದಲ್ಲಿ ಅವು ಭಾರತಕ್ಕೂ ಬಂದವು. ಬೆಂಗಳೂರಿನಲ್ಲಿಯೂ ಚೆಷೈರ್ ಹೆಸರಿನ ಗೃಹವಿದೆ. ಆ ಮನುಷ್ಯನ ಕರುಣೆಯನ್ನು ಯಾರೂ ಸಂಶಯಿಸಲಾರರು. ಆಸ್ಪತ್ರೆಯ ಮೂಲೆಯಲ್ಲಿ ಬಿದ್ದು ಸಾಯಬೇಕಾಗಿದ್ದ ಎಷ್ಟೋ ಜನರಿಗೆ ಅಲ್ಲಿ ಹಾಸಿಗೆ, ಊಟ, ಶುಶ್ರೂಷೆ ದೊರೆಯಿತು.

ಆದರೆ ಆಶ್ರಯ ಪಡೆದವರಲ್ಲಿ ಕೆಲವರಿಗೆ ಇನ್ನೊಂದು ಪ್ರಶ್ನೆ ಮೂಡಿತು. ಸ್ನಾಯುಗಳು ಕ್ಷೀಣಿಸುವ ರೋಗದಿಂದ ಬಳಲುತ್ತಿದ್ದ ಪಾಲ್ ಹಂಟ್ ಎಂಬ ಯುವಕ 1956ರಲ್ಲಿ ಲೆ ಕೋರ್ಟಿಗೆ ಬಂದನು. ಎಷ್ಟು ಹೊತ್ತಿಗೆ ಮಲಗಬೇಕು, ಯಾವ ಬಟ್ಟೆ ತೊಡಬೇಕು, ಹೊರಗೆ ಹೋಗಬಹುದೇ ಎಂಬುದನ್ನೆಲ್ಲ ಬೇರೆಯವರು ನಿರ್ಣಯಿಸುವ ಬಾಳು ಬಾಳೇ ಎಂದು ಅವನು ಕೇಳಿದನು. ಅಲ್ಲಿಯ ನಿವಾಸಿಗಳು ಸಂಸ್ಥೆಯ ಆಡಳಿತದಲ್ಲಿ ತಮಗೂ ಪಾಲು ಬೇಕೆಂದು ವರ್ಷಗಟ್ಟಲೆ ವಾದಿಸಿದರು. 1972ರ ಸೆಪ್ಟೆಂಬರಿನಲ್ಲಿ ಹಂಟ್ ‘ಗಾರ್ಡಿಯನ್’ ಪತ್ರಿಕೆಗೆ ಒಂದು ಪತ್ರ ಬರೆದು, ಇಂಥ ಸಂಸ್ಥೆಗಳಲ್ಲಿ ಬಂದಿಗಳಂತಿರುವ ಅಂಗವಿಕಲರು ಒಂದುಗೂಡಬೇಕೆಂದು ಕರೆಕೊಟ್ಟನು. ಅದರಿಂದ ಹುಟ್ಟಿದ ಸಂಘವು 1976ರಲ್ಲಿ ತನ್ನ ಮೂಲತತ್ತ್ವಗಳನ್ನು ಪ್ರಕಟಿಸಿತು. ದೇಹದ ಊನ ಬೇರೆ, ಸಮಾಜವು ಊನವುಳ್ಳವರ ಮೇಲೆ ಹೇರುವ ಅಡ್ಡಿ ಬೇರೆ ಎಂಬ ವಿವೇಚನೆ ಅದರ ತಿರುಳು. ಮೆಟ್ಟಿಲು ಹತ್ತಲಾರದಿರುವುದು ಊನ. ಎಲ್ಲ ಕಚೇರಿಗಳಿಗೂ ಮೆಟ್ಟಿಲನ್ನೇ ಕಟ್ಟಿರುವುದು ಅಡ್ಡಿ. ಮೊದಲನೆಯದನ್ನು ವೈದ್ಯನು ಕೂಡ ನೀಗಲಾರದಿರಬಹುದು. ಎರಡನೆಯದನ್ನು ಕಟ್ಟಿದವರೇ ನೀಗಬಹುದು.

ಇದೇ ಕಾಲಕ್ಕೆ ಅಮೆರಿಕದಿಂದಲೂ ಒಂದು ಸುದ್ದಿ ಬಂದಿತು. ಪೋಲಿಯೋದಿಂದ ಕತ್ತಿನ ಕೆಳಗಿನ ಚಲನೆಯನ್ನು ಬಹುಮಟ್ಟಿಗೆ ಕಳೆದುಕೊಂಡು, ರಾತ್ರಿಗಳನ್ನು ಉಸಿರಾಟದ ಯಂತ್ರದೊಳಗೆ ಕಳೆಯುತ್ತಿದ್ದ ಎಡ್ ರಾಬರ್ಟ್ಸ್ ಎಂಬ ತರುಣ 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯವನ್ನು ಸೇರಿದ್ದನು. ಅವನ ಯಂತ್ರ ಹಿಡಿಸುವ ಕೋಣೆ ಇಲ್ಲದ್ದರಿಂದ ವಿದ್ಯಾರ್ಥಿಗಳ ಆಸ್ಪತ್ರೆಯೇ ಅವನಿಗೆ ವಸತಿಯಾಯಿತು. ಅವನೂ ಅವನ ಸಂಗಾತಿಗಳೂ ಸೇರಿ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನದ ಕೇಂದ್ರವನ್ನು ಸ್ಥಾಪಿಸಿದರು. ಸಹಾಯಕರನ್ನು ತಾವೇ ಆರಿಸಿ, ತಾವೇ ಕೆಲಸ ಹೇಳಿ, ಊರ ನಡುವೆ ಬಾಳುವುದು ಅವರ ಮಾರ್ಗ.

ಲೆ ಕೋರ್ಟಿನ ಕೆಲವು ನಿವಾಸಿಗಳು ಈ ಮಾರ್ಗವನ್ನು ತಮ್ಮಲ್ಲಿಗೆ ತರಲು ನಿಶ್ಚಯಿಸಿದರು. 1979ರಲ್ಲಿ ಅವರು ಒಂದು ಗುಂಪು ಕಟ್ಟಿದರು. 1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ವಿಶ್ವಸಂಸ್ಥೆ ಸಾರಿದ್ದರಿಂದ ತಮ್ಮ ಯೋಜನೆಗೆ ‘ಪ್ರಾಜೆಕ್ಟ್ 81’ ಎಂದು ಹೆಸರಿಟ್ಟರು. ಅವರ ವಾದ ಯಾವ ಲೆಕ್ಕಿಗನಿಗಾದರೂ ಒಪ್ಪಿಗೆಯಾಗುವಂಥದು: ತಮ್ಮನ್ನು ಸಂಸ್ಥೆಯಲ್ಲಿ ಇರಿಸಲು ಸ್ಥಳೀಯ ಆಡಳಿತವು ಹೇಗೂ ಹಣ ಕೊಡುತ್ತಿದೆ, ಆ ಹಣವನ್ನೇ ತಮ್ಮ ಕೈಗೆ ಕೊಟ್ಟರೆ ಊರಿನಲ್ಲಿ ಮನೆ ಮಾಡಿ, ಸಹಾಯಕರಿಗೆ ಸಂಬಳ ಕೊಟ್ಟು ಬದುಕಬಹುದು. ಇದಕ್ಕೆ ಕಾನೂನು ಅಡ್ಡ ಬಂತು. 1948ರ ರಾಷ್ಟ್ರೀಯ ಸಹಾಯ ಕಾಯಿದೆಯಂತೆ ಸ್ಥಳೀಯ ಆಡಳಿತವು ಸೇವೆಯನ್ನು ಕೊಡಬಹುದು, ನಗದನ್ನು ಕೊಡುವಂತಿಲ್ಲ. ಆಗ ನಡುವಿನ ಒಂದು ಸಂಸ್ಥೆಗೆ ಹಣ ಕೊಟ್ಟು, ಅದರ ಮೂಲಕ ವ್ಯಕ್ತಿಗೆ ತಲುಪಿಸುವ ದಾರಿಯನ್ನು ಹುಡುಕಲಾಯಿತು. ಹೀಗೆ 1980ರ ದಶಕದ ಮೊದಲ ವರ್ಷಗಳಲ್ಲಿ ಜಾನ್ ಇವಾನ್ಸ್ ಮತ್ತು ಅವನ ಜೊತೆಗಾರರು ಲೆ ಕೋರ್ಟಿನಿಂದ ಹೊರಬಂದು ಸ್ವಂತ ಮನೆಗಳಲ್ಲಿ ನೆಲೆಸಿದರು. ಅವರಿಗೆ ಸಿಕ್ಕ ಹಣ ಹೊಸದಲ್ಲ, ಹಳೆಯ ಹಣವೇ. ಬದಲಾದದ್ದು ಅದರ ಮೇಲಿನ ಅಧಿಕಾರ.

ನಿಧಿಯ ಹುಟ್ಟು

ಸ್ವತಂತ್ರ ಜೀವನ ನಿಧಿಯ ಹುಟ್ಟಿಗೆ ಕಾರಣವಾದದ್ದೂ ಒಂದು ಕಡಿತವೇ. ಬ್ರಿಟನ್ನಿನಲ್ಲಿ ಅಂದಿನವರೆಗೆ ಬಡವರಿಗೆ ದೊರೆಯುತ್ತಿದ್ದ ಪೂರಕ ನೆರವಿನ ಜೊತೆಗೆ, ಮನೆಗೆಲಸಕ್ಕೆ ಸಹಾಯ ಬೇಕಾದ ಅಂಗವಿಕಲರಿಗೆ ಹೆಚ್ಚುವರಿ ಹಣ ಸಿಗುತ್ತಿತ್ತು. 1986ರ ಸಾಮಾಜಿಕ ಭದ್ರತಾ ಕಾಯಿದೆಯು ಈ ಪದ್ಧತಿಯನ್ನು ರದ್ದುಪಡಿಸಿತು. 1988ರ ಏಪ್ರಿಲಿನಲ್ಲಿ ಹೊಸ ಪದ್ಧತಿ ಜಾರಿಗೆ ಬಂತು. ಹೆಚ್ಚುವರಿ ಹಣ ನಿಂತರೆ ತೀವ್ರ ಅಂಗವಿಕಲರು ಮತ್ತೆ ಆಶ್ರಯಗೃಹಗಳಿಗೆ ಮರಳಬೇಕಾಗುತ್ತದೆಂದು ಸಂಘಟನೆಗಳು ದನಿಯೆತ್ತಿದವು. ಅದಕ್ಕೆ ಪರಿಹಾರವಾಗಿ ಸರಕಾರವು, 1965ರಿಂದ ಅಂಗವಿಕಲರ ಆದಾಯಕ್ಕಾಗಿ ಹೋರಾಡುತ್ತಿದ್ದ ಒಂದು ಸಂಘದ ಸಹಕಾರದೊಡನೆ, 1988ರಲ್ಲಿ ‘ಇಂಡಿಪೆಂಡೆಂಟ್ ಲಿವಿಂಗ್ ಫಂಡ್’ ಎಂಬ ಧರ್ಮದರ್ಶಿ ನಿಧಿಯನ್ನು ಸ್ಥಾಪಿಸಿತು.

ಮೊದಲಲ್ಲಿ ಇದು ಐದು ವರ್ಷದ ತಾತ್ಕಾಲಿಕ ಏರ್ಪಾಡು. ಕೆಲವೇ ಜನ ಅರ್ಜಿ ಹಾಕುವರೆಂದು ಅಧಿಕಾರಿಗಳು ಭಾವಿಸಿದ್ದರು. ಆದರೆ 1993ರ ಹೊತ್ತಿಗೆ ಫಲಾನುಭವಿಗಳ ಸಂಖ್ಯೆ ಸುಮಾರು 22,000ಕ್ಕೆ ಮುಟ್ಟಿತು. ಅಷ್ಟು ಜನ ಅದುವರೆಗೆ ಎಲ್ಲಿದ್ದರು ಎಂದು ಕೇಳಿದರೆ ಉತ್ತರ ಸುಲಭ. ಕೆಲವರು ಸಂಸ್ಥೆಗಳಲ್ಲಿದ್ದರು, ಅನೇಕರು ಮನೆಗಳಲ್ಲಿ ವೃದ್ಧ ತಾಯಿತಂದೆಗಳ, ಹೆಂಡತಿಯ ಅಥವಾ ಗಂಡನ ಬೆನ್ನ ಮೇಲೆ ಇದ್ದರು. ಅವರ ಅಗತ್ಯವು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಅದು ಇಲ್ಲವೆಂದೇ ತಿಳಿಯಲಾಗಿತ್ತು.

1993ರಲ್ಲಿ ನಿಧಿಯನ್ನು ಎರಡಾಗಿ ವಿಂಗಡಿಸಿದರು. ಹಳಬರಿಗೆ ಒಂದು, ಹೊಸಬರಿಗೆ ಇನ್ನೊಂದು. ಹೊಸಬರ ವಿಷಯದಲ್ಲಿ ಸ್ಥಳೀಯ ಆಡಳಿತವು ವಾರಕ್ಕೆ ಕನಿಷ್ಠ 200 ಪೌಂಡ್ ಮೌಲ್ಯದ ಸೇವೆಯನ್ನು ಕೊಟ್ಟ ಮೇಲೆ ಮಾತ್ರ ನಿಧಿಯು ತನ್ನ ಪಾಲನ್ನು ಸೇರಿಸಬೇಕೆಂದು ನಿಯಮವಾಯಿತು. ನಿಧಿಯ ಅನುಭವದಿಂದ ಒಂದು ಸಂಗತಿ ಸಿದ್ಧವಾಗಿತ್ತು: ಹಣವನ್ನು ನೇರವಾಗಿ ಕೈಗೆ ಕೊಟ್ಟರೆ ಅಂಗವಿಕಲರು ಅದನ್ನು ಪೋಲು ಮಾಡುವುದಿಲ್ಲ. ಇದರ ಬೆಂಬಲದಿಂದ 1996ರಲ್ಲಿ ನೇರ ಪಾವತಿಯ ಕಾಯಿದೆ ಬಂದು, 1997ರಿಂದ ಸ್ಥಳೀಯ ಆಡಳಿತಗಳೂ ನಗದು ಕೊಡಲು ಅಧಿಕಾರ ಪಡೆದವು. 1948ರ ನಿಷೇಧ ಅರ್ಧ ಶತಮಾನದ ನಂತರ ಸಡಿಲವಾಯಿತು.

ಈ ಹಣ ಏನು ಮಾಡುತ್ತಿತ್ತು ಎಂಬುದನ್ನು ಒಂದು ದಿನದ ಲೆಕ್ಕದಲ್ಲಿ ನೋಡಬೇಕು. ಕತ್ತಿನ ಕೆಳಗೆ ಚಲನೆಯಿಲ್ಲದ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಶೌಚ, ಸ್ನಾನ ಮುಗಿಸಿ ಕಚೇರಿಗೆ ಹೊರಡಲು ಎರಡು ಗಂಟೆ ಬೇಕಾಗಬಹುದು. ನಡುಹಗಲಿನಲ್ಲಿ ಬಾಯಾರಿದರೆ ಲೋಟವನ್ನು ತುಟಿಗೆ ಹಿಡಿಯುವವರು ಬೇಕು. ರಾತ್ರಿ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಸಹಾಯಕರು ಸದಾ ಇದ್ದರೆ ಈ ಮನುಷ್ಯ ಉದ್ಯೋಗ ಮಾಡುತ್ತಾನೆ, ತೆರಿಗೆ ಕೊಡುತ್ತಾನೆ, ಮಕ್ಕಳ ಶಾಲೆಯ ಸಮಾರಂಭಕ್ಕೆ ಹೋಗುತ್ತಾನೆ, ಗೆಳೆಯನ ಮರಣವಾರ್ತೆ ಬಂದರೆ ಆ ಕ್ಷಣವೇ ಹೊರಡುತ್ತಾನೆ. ಸಹಾಯವನ್ನು ದಿನಕ್ಕೆ ಮೂರು ಸಲದ ಚಿಕ್ಕ ಭೇಟಿಗಳಿಗೆ ಇಳಿಸಿದರೆ ಅವನು ಸಾಯುವುದಿಲ್ಲ. ತೊಳೆಯುತ್ತಾರೆ, ಉಣ್ಣಿಸುತ್ತಾರೆ, ಮಲಗಿಸುತ್ತಾರೆ. ಆದರೆ ಸಂಜೆ ಏಳಕ್ಕೆ ಮಲಗಬೇಕು, ಏಕೆಂದರೆ ಮಲಗಿಸುವವರು ಬರುವುದು ಆಗಲೇ. ದಿನದ ಆಗುಹೋಗುಗಳನ್ನೆಲ್ಲ ಬಂದುಹೋಗುವವರ ವೇಳಾಪಟ್ಟಿಯೇ ನಿರ್ಣಯಿಸುತ್ತದೆ. ಆಶ್ರಯಗೃಹದ ಗೋಡೆ ಇಲ್ಲದಿದ್ದರೂ ಆಶ್ರಯಗೃಹದ ಬಾಳೇ ಅವನ ಮನೆಯೊಳಕ್ಕೆ ಬಂದು ಕುಳಿತಂತೆ.

ಕಡಿತದ ಕಾಲ

2008ರಲ್ಲಿ ಬ್ಯಾಂಕುಗಳು ಕುಸಿದು, ಅವುಗಳನ್ನು ಉಳಿಸಲು ಬ್ರಿಟಿಷ್ ಸರಕಾರ ಅಪಾರ ಹಣ ಸುರಿಯಿತು. 2010ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಸಮ್ಮಿಶ್ರ ಸರಕಾರವು ಸಾರ್ವಜನಿಕ ವೆಚ್ಚವನ್ನು ಕಡಿಮೆ ಮಾಡುವುದೇ ತನ್ನ ಮುಖ್ಯ ಕಾರ್ಯವೆಂದು ಸಾರಿತು. ಸ್ವತಂತ್ರ ಜೀವನ ನಿಧಿಯು ಆಗ ಸುಮಾರು 21,000 ಜನರಿಗೆ ವರ್ಷಕ್ಕೆ 30 ಕೋಟಿ ಪೌಂಡಿಗೂ ಹೆಚ್ಚು ಹಣವನ್ನು ಹಂಚುತ್ತಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಹೊಸ ಅರ್ಜಿಗಳನ್ನು ನಿಲ್ಲಿಸಲಾಯಿತು. ಡಿಸೆಂಬರಿನಲ್ಲಿ ಈ ತಡೆ ಶಾಶ್ವತವೆಂದು ಘೋಷಣೆಯಾಯಿತು. ಹೊಸಬರು ಸೇರದ ಪಟ್ಟಿಯು ತಾನಾಗಿಯೇ ಚಿಕ್ಕದಾಗುತ್ತದೆ. ಸಾವು ಅದರಿಂದ ಹೆಸರುಗಳನ್ನು ಅಳಿಸುತ್ತಲೇ ಇರುತ್ತದೆ. ಯಾವ ಅಧಿಕಾರಿಯೂ ಸಹಿ ಹಾಕಬೇಕಾಗಿಲ್ಲ. ಇನ್ನು ಮುಂದೆ ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡ ತರುಣನಿಗೂ, ಹದಿನಾರು ತುಂಬಿದ ಅಂಗವಿಕಲ ಹುಡುಗಿಗೂ ಈ ನಿಧಿಯ ಬಾಗಿಲು ಇಲ್ಲವಾಯಿತು.

ಕಡಿತವು ಈ ಒಂದೇ ನಿಧಿಗೆ ಸೀಮಿತವಾಗಿರಲಿಲ್ಲ. 2013ರ ಏಪ್ರಿಲಿನಿಂದ ಅಂಗವಿಕಲರ ಜೀವನಭತ್ಯೆಯ ಸ್ಥಾನದಲ್ಲಿ ಹೊಸ ಭತ್ಯೆಯೊಂದು ಬರತೊಡಗಿತು. ದುಡಿಯುವ ವಯಸ್ಸಿನವರ ಈ ಬಾಬ್ತಿನ ಅಂದಾಜು ವೆಚ್ಚದಲ್ಲಿ ಐದರಲ್ಲೊಂದು ಪಾಲನ್ನು ಇಳಿಸುವುದು ಮೊದಲೇ ಹಾಕಿಕೊಂಡ ಗುರಿ. ನಡೆಯುವ ಶಕ್ತಿಯ ಪರೀಕ್ಷೆಯ ಗೆರೆ 50 ಮೀಟರಿನಿಂದ 20 ಮೀಟರಿಗೆ ಇಳಿಯಿತು. ಇಪ್ಪತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯಬಲ್ಲ ಅನೇಕರು ಮೇಲಿನ ದರ್ಜೆಯ ಭತ್ಯೆಯನ್ನು ಕಳೆದುಕೊಂಡರು. ಆ ಭತ್ಯೆಯ ಆಧಾರದ ಮೇಲೆ ಬಾಡಿಗೆಗೆ ಪಡೆದಿದ್ದ ವಾಹನವನ್ನೂ ಹಿಂದಿರುಗಿಸಿದರು. ವಾಹನ ಹೋದ ಮೇಲೆ ಉದ್ಯೋಗಕ್ಕೆ ಹೋಗುವ ದಾರಿಯೂ ಹೋಯಿತು. ಇನ್ನೊಂದು ಕಡೆ, ಸ್ಥಳೀಯ ಆಡಳಿತಗಳಿಗೆ ಕೇಂದ್ರ ಸರಕಾರ ಕೊಡುವ ಹಣ, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ, 2010-11ರಿಂದ 2017-18ರವರೆಗೆ ಶೇಕಡ 49ರಷ್ಟು ಇಳಿಯಿತೆಂದು ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಮಾಡಿದೆ. ಅಂದರೆ ಮುಚ್ಚಿದ ನಿಧಿಯ ಹೊಣೆಯನ್ನು ಹೊರಬೇಕಾದವರ ಚೀಲವೇ ಅರ್ಧ ಬರಿದಾಗುತ್ತಿತ್ತು.

ಇಂಥ ಚೀಲದಿಂದ ನಿರ್ಧಾರಗಳು ಹೇಗೆ ಹೊರಡುತ್ತವೆ ಎಂಬುದಕ್ಕೆ ಲಂಡನ್ನಿನ ಒಂದು ಮೊಕದ್ದಮೆ ಸಾಕ್ಷಿ. ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಬರೋದಲ್ಲಿ ವಾಸಿಸುತ್ತಿದ್ದ, ಹಿಂದೆ ಹೆಸರಾಂತ ಬ್ಯಾಲೆ ನರ್ತಕಿಯಾಗಿದ್ದ ಮಹಿಳೆಯೊಬ್ಬರಿಗೆ ಪಾರ್ಶ್ವವಾಯುವಿನ ನಂತರ ರಾತ್ರಿ ಶೌಚಕ್ಕೆ ಏಳಲು ಆಸರೆ ಬೇಕಾಗಿತ್ತು. ಮೂತ್ರದ ಹಿಡಿತ ಅವರಿಗೆ ತಪ್ಪಿರಲಿಲ್ಲ. ಸ್ಥಳೀಯ ಆಡಳಿತವು ರಾತ್ರಿಯ ಸಹಾಯಕಿಯನ್ನು ಹಿಂತೆಗೆದುಕೊಂಡು, ಹಾಸಿಗೆಯಲ್ಲಿಯೇ ಬಳಸುವಂತೆ ಹೀರುವಟ್ಟೆಗಳನ್ನು ಕೊಟ್ಟಿತು. ಇದರಿಂದ ವರ್ಷಕ್ಕೆ ಸುಮಾರು 22,000 ಪೌಂಡ್ ಉಳಿತಾಯವೆಂದು ಲೆಕ್ಕ. 2011ರ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ನಾಲ್ವರ ಬಹುಮತದಿಂದ ಆಡಳಿತದ ಪರವಾಗಿ ತೀರ್ಪಿತ್ತಿತು. ನ್ಯಾಯಾಧೀಶೆ ಲೇಡಿ ಹೇಲ್ ಒಬ್ಬರೇ ಭಿನ್ನಮತವನ್ನು ದಾಖಲಿಸಿದರು. ಲೆಕ್ಕದ ದೃಷ್ಟಿಯಿಂದ ಉಳಿತಾಯ ನಿಜ. ಆದರೆ ಲೆಕ್ಕಪುಸ್ತಕದ ಯಾವ ಬದಿಯಲ್ಲಿಯೂ ಒಬ್ಬ ಹಿರಿಯ ಹೆಂಗಸಿನ ಮಾನಕ್ಕೆ ಅಂಕಣವಿರಲಿಲ್ಲ.

ನ್ಯಾಯಾಲಯದ ಮುಂದೆ

2012ರ ಡಿಸೆಂಬರಿನಲ್ಲಿ ಸರಕಾರವು ಸ್ವತಂತ್ರ ಜೀವನ ನಿಧಿಯನ್ನು 2015ರಲ್ಲಿ ಪೂರ್ತಿಯಾಗಿ ಮುಚ್ಚುವುದಾಗಿ ತಿಳಿಸಿತು. ಐವರು ಫಲಾನುಭವಿಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಅವರು ಸೋತರೂ 2013ರ ನವೆಂಬರ್ 6ರಂದು ಮೇಲ್ಮನವಿ ನ್ಯಾಯಾಲಯವು ಅವರ ಪರವಾಗಿ ತೀರ್ಪು ಕೊಟ್ಟಿತು. 2010ರ ಸಮಾನತಾ ಕಾಯಿದೆಯಂತೆ ಸರಕಾರವು ಯಾವುದೇ ನಿರ್ಧಾರ ಮಾಡುವಾಗ ಅಂಗವಿಕಲರ ಅವಕಾಶಗಳ ಮೇಲೆ ಆಗುವ ಪರಿಣಾಮವನ್ನು ಮನಸ್ಸಿಟ್ಟು ಪರಿಶೀಲಿಸಬೇಕು. ಈ ನಿರ್ಧಾರದಿಂದ ಜನರಿಗೆ ಎಷ್ಟು ಗಂಭೀರವಾದ ಹಾನಿಯಾಗಬಹುದೆಂಬುದು ಸಚಿವೆಯ ಗಮನಕ್ಕೆ ಸರಿಯಾಗಿ ಬಂದಿತ್ತೆಂದು ತೋರಿಸುವ ಆಧಾರ ಕಡತಗಳಲ್ಲಿ ಇಲ್ಲವೆಂದು ನ್ಯಾಯಾಲಯವು ಕಂಡಿತು. ನಿರ್ಧಾರ ರದ್ದಾಯಿತು.

ಗೆದ್ದವರ ಸಂತೋಷ ನಾಲ್ಕು ತಿಂಗಳಿಗಿಂತ ಹೆಚ್ಚು ಬಾಳಲಿಲ್ಲ. 2014ರ ಮಾರ್ಚ್ 6ರಂದು ಹೊಸ ಸಚಿವರು ಅದೇ ನಿರ್ಧಾರವನ್ನು ಮತ್ತೆ ಪ್ರಕಟಿಸಿದರು: 2015ರ ಜೂನ್ 30ರಂದು ನಿಧಿ ಮುಚ್ಚುತ್ತದೆ. ಈ ಸಲ ಕಡತದಲ್ಲಿ ಹಾನಿಯ ವಿವರಣೆಯಿತ್ತು; ಫಲಾನುಭವಿಗಳಿಗೆ ಸಿಗುವ ಹಣ ಕಡಿಮೆಯಾಗುವ ಸಾಧ್ಯತೆಯನ್ನು ಅದರಲ್ಲಿ ಒಪ್ಪಿಕೊಳ್ಳಲಾಗಿತ್ತು. ಮತ್ತೆ ಮೊಕದ್ದಮೆ ನಡೆದು, ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಸಚಿವರು ಈಗ ಪರಿಣಾಮವನ್ನು ತಿಳಿದೇ ನಿರ್ಧರಿಸಿದ್ದಾರೆ, ಕಾನೂನಿನ ಅಪೇಕ್ಷೆ ಪೂರೈಸಿದೆ ಎಂಬುದು ತೀರ್ಪಿನ ತಾತ್ಪರ್ಯ. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನೀತಿಗೂ ಕಾನೂನಿಗೂ ಇರುವ ಅಂತರ ಕಾಣುತ್ತದೆ. ತಿಳಿಯದೆ ಮಾಡಿದ ಹಾನಿಯನ್ನು ಕಾನೂನು ತಡೆಯಿತು. ತಿಳಿದು ಮಾಡಿದ ಹಾನಿಗೆ ದಾರಿಬಿಟ್ಟಿತು. ಧರ್ಮಶಾಸ್ತ್ರದ ತಕ್ಕಡಿ ಇದಕ್ಕೆ ತಿರುವುಮುರುವು. ಅಲ್ಲಿ ಅರಿತು ಮಾಡಿದ ತಪ್ಪೇ ಹೆಚ್ಚು ತೂಗುತ್ತದೆ.

2015ರ ಜೂನ್ 24ರಂದು, ನಿಧಿ ಮುಚ್ಚಲು ಆರು ದಿನಗಳಿರುವಾಗ, ಗಾಲಿಕುರ್ಚಿಗಳಲ್ಲಿ ಬಂದ ಪ್ರತಿಭಟನಕಾರರು ಪ್ರಧಾನಿಯ ಪ್ರಶ್ನೋತ್ತರ ನಡೆಯುತ್ತಿದ್ದ ಸಂಸತ್ತಿನ ಸಭಾಂಗಣದ ಬಾಗಿಲಿನವರೆಗೆ ನುಗ್ಗಿದರು. ಪೊಲೀಸರು ತಡೆದರು. ಜೂನ್ 30ರಂದು ನಿಧಿ ಮುಚ್ಚಿತು. 2014ರಲ್ಲಿ ಅದರ ಪಟ್ಟಿಯಲ್ಲಿ ಸುಮಾರು 18,000 ಜನರಿದ್ದರು.

ಹೆಸರಿಲ್ಲದ ಹಣ

ಇಂಗ್ಲೆಂಡಿನಲ್ಲಿ ಸರಕಾರವು ಈ ಹಣವನ್ನು ಒಮ್ಮೆಗೇ ನಿಲ್ಲಿಸಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅದನ್ನು ಸ್ಥಳೀಯ ಆಡಳಿತಗಳಿಗೆ ವರ್ಗಾಯಿಸಿತು. ಕೆಲವು ವರ್ಷ ಅನುದಾನವನ್ನೂ ಮುಂದುವರಿಸಿತು. ಆದರೆ ಈ ಹಣವನ್ನು ಇದೇ ಜನರಿಗಾಗಿ ವ್ಯಯಿಸಬೇಕೆಂಬ ಕಟ್ಟಳೆಯನ್ನು ವಿಧಿಸಲಿಲ್ಲ. ಹಣ ಉಳಿಯಿತು, ಹಣದ ಮೇಲಿದ್ದ ಹೆಸರು ಅಳಿಯಿತು. ಮುಂದಿನ ಅನರ್ಥಕ್ಕೆಲ್ಲ ಇದೇ ಬೀಜ.

ದೇವಾಲಯಗಳ ಲೆಕ್ಕಪತ್ರ ನೋಡುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆಂದು, ಪೂಜೆಯ ಹೂವಿಗೆಂದು ಗದ್ಯಾಣಗಳನ್ನು ಇರಿಸಿದ ದತ್ತಿಗಳುಂಟು. ಮೂಲಧನ ಮುಟ್ಟದೆ ಅದರ ಬಡ್ಡಿಯಿಂದ ನಿತ್ಯ ಇಷ್ಟು ಹಾಲು ಎಂದು ಕಲ್ಲಿನಲ್ಲಿ ಕೊರೆದಿಟ್ಟ ಏರ್ಪಾಡು ಅದು. ಹಾಲಿನ ಹಣವನ್ನು ಗೋಡೆಯ ದುರಸ್ತಿಗೆ ಬಳಸಬಾರದೆಂಬುದು ದಾನಿಯ ಹಟವಲ್ಲ. ಕೊರತೆಯ ವರ್ಷದಲ್ಲಿ ಹೆಸರಿಲ್ಲದ ಹಣ, ದನಿ ಜೋರಾಗಿರುವ ಕಡೆಗೆ ಹರಿದುಹೋಗುತ್ತದೆ ಎಂಬ ಅನುಭವದ ವಿವೇಕ ಅದರಲ್ಲಿದೆ.

ಇಂಗ್ಲೆಂಡಿನಲ್ಲಿ ನಡೆದದ್ದೂ ಹಾಗೆಯೇ. ಕೆಲವು ಸ್ಥಳೀಯ ಆಡಳಿತಗಳು ಹಣವನ್ನು ಸ್ವಲ್ಪ ಕಾಲ ಪ್ರತ್ಯೇಕವಾಗಿಯೇ ಕಾದಿಟ್ಟು, ಹಳೆಯ ಫಲಾನುಭವಿಗಳಿಗೆ ಮೊದಲಿನಷ್ಟೇ ಕೊಟ್ಟವು. ಇನ್ನು ಕೆಲವು ಅದನ್ನು ಸಾಮಾನ್ಯ ಬೊಕ್ಕಸಕ್ಕೆ ಸೇರಿಸಿ, ಪ್ರತಿಯೊಬ್ಬರ ಅಗತ್ಯವನ್ನೂ ಹೊಸದಾಗಿ ಅಳೆದವು. ಲಂಡನ್ನಿನಲ್ಲಿ ಒಂದೇ ತರದ ಊನವುಳ್ಳ ಇಬ್ಬರಲ್ಲಿ ಒಬ್ಬನಿಗೆ ಸಹಾಯ ಉಳಿದು, ಪಕ್ಕದ ಬರೋದ ಇನ್ನೊಬ್ಬನಿಗೆ ಅರ್ಧ ಹೋಗುವಂಥ ಸ್ಥಿತಿ ಬಂತು. ಮನುಷ್ಯನ ಸ್ವಾತಂತ್ರ್ಯ ಅವನ ಮನೆಯ ವಿಳಾಸದ ಮೇಲೆ ನಿಂತಿತು. ಕೈಯಲ್ಲಿರುವ ಸಹಾಯಕರ ಗಂಟೆಗಳು ಮುಂದಿನ ಪರಿಶೀಲನೆಯವರೆಗೆ ಮಾತ್ರ ಎಂಬ ಭಯವು, ಕಡಿತ ಆಗದವರ ಮನೆಗಳನ್ನೂ ಹೊಕ್ಕಿತು. ನಾಳೆ ಸಹಾಯಕ ಇರುತ್ತಾನೋ ಇಲ್ಲವೋ ಎಂದು ತಿಳಿಯದವನು ಉದ್ಯೋಗಕ್ಕೆ ಒಪ್ಪಿಕೊಳ್ಳಲಾರ, ಓದಿಗೆ ಸೇರಲಾರ, ಮದುವೆಯ ಮಾತೆತ್ತಲಾರ.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಬ್ರಿಟನ್ 2009ರಲ್ಲಿ ಅಂಗೀಕರಿಸಿತ್ತು. ಅದರ 19ನೆಯ ವಿಧಿಯು ಅಂಗವಿಕಲರಿಗೆ ಸಮುದಾಯದ ನಡುವೆ, ಇತರರಷ್ಟೇ ಆಯ್ಕೆಯೊಡನೆ ಬಾಳುವ ಹಕ್ಕನ್ನು ಕೊಡುತ್ತದೆ. ಆ ಒಡಂಬಡಿಕೆಯ ಸಮಿತಿಯ ಸದಸ್ಯರು 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿಗೆ ಬಂದು ವಿಚಾರಣೆ ನಡೆಸಿದರು. 2016ರ ನವೆಂಬರಿನಲ್ಲಿ ಪ್ರಕಟವಾದ ವರದಿಯು, ಸ್ವತಂತ್ರ ಜೀವನ ನಿಧಿಯ ಮುಚ್ಚುಗಡೆಯನ್ನೂ ಸೇರಿಸಿ ಹಲವು ಕ್ರಮಗಳನ್ನು ಪರಿಶೀಲಿಸಿ, ಅಂಗವಿಕಲರ ಹಕ್ಕುಗಳ ಗಂಭೀರ ಅಥವಾ ವ್ಯವಸ್ಥಿತ ಉಲ್ಲಂಘನೆ ನಡೆದಿದೆ ಎನ್ನಲು ವಿಶ್ವಾಸಾರ್ಹ ಪುರಾವೆಯಿದೆ ಎಂದು ಹೇಳಿತು. ಸರಕಾರವು ಈ ನಿರ್ಣಯವನ್ನು ಒಪ್ಪಲಿಲ್ಲ. 2024ರಲ್ಲಿ ಸಮಿತಿಯು ಮತ್ತೆ ವಿಷಯವನ್ನು ಕೈಗೆತ್ತಿಕೊಂಡು, ಗಣನೀಯ ಪ್ರಗತಿಯಾಗಿಲ್ಲವೆಂದು ದಾಖಲಿಸಿತು. 2025ರ ಮಾರ್ಚಿನಲ್ಲಿ ಬೇರೊಂದು ಪಕ್ಷದ ಸರಕಾರವು ಅಂಗವಿಕಲರ ಭತ್ಯೆಯ ಅರ್ಹತೆಯನ್ನು ಮತ್ತೆ ಬಿಗಿಗೊಳಿಸುವ ಪ್ರಸ್ತಾವ ತಂದು, ಸ್ವಪಕ್ಷದ ಸದಸ್ಯರ ವಿರೋಧದಿಂದ ಜುಲೈ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು.

ಇನ್ನೊಂದು ದಾರಿ ಇತ್ತು

ಬೊಕ್ಕಸ ಬರಿದಾದಾಗ ಬೇರೆ ಉಪಾಯವಿರಲಿಲ್ಲ ಎಂಬ ಸಮಾಧಾನಕ್ಕೆ ಅದೇ ದ್ವೀಪದಲ್ಲಿಯೇ ಉತ್ತರವಿದೆ. ಸ್ಕಾಟ್ಲೆಂಡಿನ ಸರಕಾರವು ತನ್ನ ಪಾಲಿಗೆ ಬಂದ ಹಣವನ್ನು ಚದುರಿಸಲಿಲ್ಲ. 2015ರ ಜುಲೈ 1ರಂದು, ಅಂದರೆ ಹಳೆಯ ನಿಧಿ ಮುಚ್ಚಿದ ಮರುದಿನವೇ, ಅದೇ ಹೆಸರಿನಲ್ಲಿ ತನ್ನದೇ ನಿಧಿಯನ್ನು ತೆರೆಯಿತು. ಉತ್ತರ ಐರ್ಲೆಂಡಿನ ಫಲಾನುಭವಿಗಳಿಗೂ ಅದರ ಮೂಲಕವೇ ಹಣ ಸಲ್ಲುವ ಏರ್ಪಾಡಾಯಿತು. 2024ರಲ್ಲಿ, ಹದಿನಾಲ್ಕು ವರ್ಷಗಳ ನಂತರ, ಹೊಸ ಅರ್ಜಿದಾರರಿಗೂ ಅದರ ಬಾಗಿಲು ತೆರೆಯಿತು. ವೇಲ್ಸಿನ ಸರಕಾರ ಮೊದಲು ಪ್ರತ್ಯೇಕ ಅನುದಾನವನ್ನಿಟ್ಟು, ನಂತರ ಅದನ್ನೂ ಸ್ಥಳೀಯ ಆಡಳಿತಗಳಿಗೆ ಬಿಡಲು ಹೊರಟಿತು. ಸಾವಿರಕ್ಕೂ ಹೆಚ್ಚು ಜನರ ಬಾಳು ಇದರಲ್ಲಿ ಸಿಕ್ಕಿತ್ತು. ಫಲಾನುಭವಿಗಳು ದೀರ್ಘ ಹೋರಾಟ ನಡೆಸಿದ ಮೇಲೆ 2019ರ ಫೆಬ್ರವರಿಯಲ್ಲಿ, ಅತೃಪ್ತರಾದವರ ಅಗತ್ಯವನ್ನು ಸ್ವತಂತ್ರ ಪರೀಕ್ಷಕರಿಂದ ಮತ್ತೆ ಅಳೆಸಿ, ಹೆಚ್ಚಿನ ಹಣ ಬೇಕಾದರೆ ತಾನೇ ಕೊಡುವುದಾಗಿ ಸರಕಾರ ಒಪ್ಪಿತು. ಒಂದೇ ನಿಧಿ, ಒಂದೇ ಮುಚ್ಚುಗಡೆಯ ದಿನ, ಒಂದೇ ಆರ್ಥಿಕ ಸಂಕಷ್ಟ. ಫಲ ಮಾತ್ರ ಮೂರು ಬಗೆಯದಾಯಿತು. ಆದ್ದರಿಂದ ಇಂಗ್ಲೆಂಡಿನಲ್ಲಿ ಆದದ್ದು ವಿಧಿಯಲ್ಲ, ಆಯ್ಕೆ.

ಭಾರತವು ಅದೇ ಒಡಂಬಡಿಕೆಗೆ 2007ರಲ್ಲಿಯೇ ಒಪ್ಪಿಗೆಯಿತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೆಯ ಪ್ರಕರಣವು ಸಮುದಾಯದ ನಡುವೆ ಬಾಳುವ ಹಕ್ಕನ್ನು ಇಲ್ಲಿಯೂ ಮಾನ್ಯ ಮಾಡಿದೆ. ಆದರೆ ತೀವ್ರ ಅಂಗವಿಕಲರಾದ ಬಡವರ ಪಿಂಚಣಿಯಲ್ಲಿ ಕೇಂದ್ರ ಸರಕಾರದ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಗೆ ಏರಿ, ಮುಂದಿನ ಹನ್ನೆರಡು ವರ್ಷ ಅಲ್ಲಿಯೇ ನಿಂತಿತ್ತು. ಅಂಕಿ ಇಳಿಸದೆಯೇ ಆಗುವ ಕಡಿತವಿದು. ಬೆಲೆಗಳು ಏರುತ್ತಾ ಹೋದಂತೆ ಅದು ತಾನಾಗಿ ನಡೆಯುತ್ತದೆ. ಇಲ್ಲಿ ಸಹಾಯಕನ ಕೆಲಸವನ್ನು ಬಹುಮಟ್ಟಿಗೆ ಮನೆಯ ತಾಯಿಯೇ, ಸೊಸೆಯೇ, ಅವಿವಾಹಿತ ತಂಗಿಯೇ ಮಾಡುತ್ತಾರೆ. ಅವರ ದುಡಿಮೆಗೆ ಅಂಕಣವಿಲ್ಲ. ಅವರು ಕಾಲವಾದ ಮೇಲೆ ಏನೆಂಬ ಪ್ರಶ್ನೆಗೆ ಉತ್ತರವೂ ಇಲ್ಲ.

ಈ ಕಡೆಯಲ್ಲಿಯೇ ಸಮಾಜದ ನಿಧಿಗಳಿಗೆ, ಧರ್ಮಸಂಸ್ಥೆಗಳಿಗೆ ಕೆಲಸವಿದೆ. ಸಭೆ ಕರೆದು, ಹಾರ ಹಾಕಿ, ಗಾಲಿಕುರ್ಚಿ ಹಂಚುವುದು ಒಳ್ಳೆಯ ಕಾರ್ಯವೇ. ಆದರೆ ಕುರ್ಚಿಯನ್ನು ತಳ್ಳುವವರಿಲ್ಲದಿದ್ದರೆ, ಮನೆಯ ಹೊಸ್ತಿಲು ದಾಟುವ ದಾರಿಯಿಲ್ಲದಿದ್ದರೆ ಅದು ಮೂಲೆ ಸೇರುತ್ತದೆ. ಇಂಗ್ಲೆಂಡಿನ ಇತಿಹಾಸ ಕಲಿಸುವುದು ಮೂರು ಸಂಗತಿಗಳನ್ನು. ಕೊಡುವುದನ್ನು ಪಡೆಯುವವನ ಇಚ್ಛೆ ಕೇಳಿ ಕೊಡಬೇಕು. ಚಿಕ್ಕ ಮೊತ್ತವಾದರೂ ತಿಂಗಳು ತಿಂಗಳು ತಪ್ಪದೆ, ನಾಳೆಯೂ ಬರುವುದೆಂಬ ನಂಬಿಕೆ ಹುಟ್ಟುವಂತೆ ಕೊಡಬೇಕು. ಇಂಥವರಿಗೆಂದು ಕೂಡಿಸಿದ ಹಣದ ಮೇಲೆ ಅವರ ಹೆಸರನ್ನು ಅಳಿಯದಂತೆ ಬರೆದಿಡಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕು ಬಗೆಯಾಗಿ ಹಿರಿಯರು ಎಣಿಸಿದ್ದಾರೆ. ಲೆ ಕೋರ್ಟಿನ ಬಂಗಲೆಯಲ್ಲಿ ಆಹಾರಕ್ಕೂ ಔಷಧಕ್ಕೂ ಕೊರತೆಯಿರಲಿಲ್ಲ. ಅಲ್ಲಿಂದ ಹೊರಬಂದವರು ಅರಸಿದ್ದು ಅಭಯವನ್ನು: ನಾಳೆಯ ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕೆಂದು ಇಂದಿನ ರಾತ್ರಿಯೇ ತಾವು ನಿಶ್ಚಯಿಸಿ, ಹೆದರಿಕೆಯಿಲ್ಲದೆ ಮಲಗುವ ಅಷ್ಟು ಚಿಕ್ಕ ಅಧಿಕಾರವನ್ನು.